ಒಂದು ಒಳ್ಳೆ ಪುಸ್ತಕ ಹೇಳಿ ಮೇಡಂ

ಕುಂದಾಣ ದಾಟಿ ಸ್ವಲ್ಪ ಮುಂದಕ್ಕಿರುವ ನಮ್ಮೂರ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಹನ್ನೊಂದು ವರ್ಷದಿಂದ ಮೇಲ್ವಿಚಾರಕಿ. ದಿನಕ್ಕೊಬ್ಬರಾದರೂ ಬಂದು, ಮಕ್ಕಳಿಗೆ ಒಂದು ಒಳ್ಳೆ ಪುಸ್ತಕ ಹೇಳಿ ಮೇಡಂ ಅನ್ನುತ್ತಾರೆ. ಹೇಳುತ್ತೇನೆ. ಹೇಳಿದ ಮೇಲೆ ಏನಾಗುತ್ತದೆ ಅನ್ನುವುದು ಮಾತ್ರ ಇವತ್ತಿಗೂ ನನ್ನ ಕೈಯಲ್ಲಿಲ್ಲ.

ಅಪ್ಪನ ಪರಿಶೀಲನೆ

ದೊಡ್ಡಬಳ್ಳಾಪುರದ ಪವರ್‌ಲೂಮ್‌ನಲ್ಲಿ ಸೀರೆ ನೇಯುವ ನಮ್ಮೂರಿನವರೊಬ್ಬರು ಆರನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದರು. ಕಥೆ ಪುಸ್ತಕ ಬೇಡ, ಮಕ್ಕಳು ಹಾಳಾಗ್ತಾರೆ, ಜನರಲ್ ನಾಲೆಡ್ಜ್ ಇರೋದು ಕೊಡಿ ಅಂದರು. ಮಗಳ ಮುಖ ಬಾಡಿತು. ನಾನು ಸುಮ್ಮನಿರದೆ, ಹುಣಸೆ ತೋಪಿನಲ್ಲಿ ಕಳೆದುಹೋದ ಎಮ್ಮೆಯನ್ನು ಅಣ್ಣ ತಂಗಿ ಹುಡುಕಿಕೊಂಡು ಹೋಗುವ ಕಾದಂಬರಿಯೊಂದನ್ನು ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲು ನಾನು ಪರಿಶೀಲಿಸ್ತೀನಿ, ಸರಿ ಅನ್ನಿಸಿದ್ರೆ ಕೊಡ್ತೀನಿ ಅಂತ ತಗೊಂಡು ಹೋದರು.

ವಾರವಾಯಿತು. ಮಗಳನ್ನು ಕೇಳಿದರೆ ಇನ್ನೂ ಕೈಗೆ ಸಿಕ್ಕಿಲ್ಲ ಅಂದಳು. ಎರಡನೇ ವಾರ ಅಪ್ಪನೇ ಬಂದರು. ಪುಸ್ತಕದಲ್ಲಿ ಏನಾದರೂ ತಪ್ಪಿತ್ತಾ ಅಂತ ಹೆದರುತ್ತಲೇ ಕೇಳಿದೆ. ಅವರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು.

“ತಪ್ಪೇನಿಲ್ಲ ಮೇಡಂ. ಎಮ್ಮೆ ಸಿಕ್ತು. ಕದ್ದೋನು ಮಾತ್ರ ತಪ್ಪಿಸ್ಕೊಂಡ್‌ಬಿಟ್ಟ. ಎರಡನೇ ಭಾಗ ಇದ್ರೆ ಕೊಡಿ, ಅದನ್ನೂ ಪರಿಶೀಲನೆ ಮಾಡ್ಬಿಡ್ತೀನಿ.”

ಅಗೆಯುವವರು

ಮೂರನೇ ಕ್ಲಾಸಿನ ಹುಡುಗನೊಬ್ಬ ಯಾವ ಪುಸ್ತಕ ಕೊಟ್ಟರೂ ಮುಟ್ಟುತ್ತಿರಲಿಲ್ಲ. ನಿನಗೇನಪ್ಪಾ ಇಷ್ಟ ಅಂದರೆ ಒಂದೇ ಉತ್ತರ: ಜೆಸಿಬಿ. ಸುತ್ತಮುತ್ತ ಎಲ್ಲಿ ನೋಡಿದರೂ ಲೇಔಟ್ ಮಾಡುತ್ತಿದ್ದಾರೆ, ಅವನ ತಪ್ಪಲ್ಲ. ಜೆಸಿಬಿ ಪುಸ್ತಕ ನನ್ನ ಹತ್ತಿರ ಇರಲಿಲ್ಲ. ಯೋಚಿಸಿ ಇರುವೆಗಳ ಪುಸ್ತಕ ತೆಗೆದೆ. ಇವೂ ನೆಲ ಅಗೆಯುತ್ತವೆ ಕಣೋ, ಡೀಸೆಲ್ ಬೇಕಿಲ್ಲ ಅಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿಬಿಟ್ಟ. ನನಗೆ ಆವತ್ತು ಊಟವೇ ಬೇಡ ಅನ್ನುವಷ್ಟು ಖುಷಿ.

ನಾಲ್ಕು ದಿನಕ್ಕೆ ಅವನ ತಾಯಿ ಬಂದರು. ಅಡುಗೆಮನೆಯಲ್ಲಿ ಇರುವೆ ಪುಡಿ ಹಾಕೋ ಹಾಗಿಲ್ಲ, ಗೋಡೆ ಪಕ್ಕ ಗುಡಿಸೋ ಹಾಗಿಲ್ಲ, ರಾಣಿ ಇರುವೆ ಬರೋ ದಾರಿ ಅಂತ ಅಡ್ಡ ಮಲಗುತ್ತಾನಂತೆ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಅವನೇ ತೆಗೆದಿಟ್ಟಿರುತ್ತಾನಂತೆ. ಪುಸ್ತಕ ವಾಪಸ್ ಕೊಡೋಕೆ ಬಂದಿದ್ದಾರೆ ಅಂದುಕೊಂಡು ಕೈ ಚಾಚಿದೆ. ಅವರು ಕೊಡಲಿಲ್ಲ.

“ಓದ್ಲಿ ಮೇಡಂ, ಓದೋದು ಬಿಡಿಸ್ಬೇಡಿ. ಮುಂದಿನ ಪುಸ್ತಕ ಕೊಡೋಕೆ ಮುಂಚೆ ನನಗೊಂದು ಮಾತು ಹೇಳಿ. ಹಲ್ಲೀದು ಮಾತ್ರ ಬೇಡ.”

ಚೀಟಿ

ನಾನೇ ಸೋತಿದ್ದೂ ಉಂಟು. ನೀತಿಕಥೆಗಳ ಒಂದು ದಪ್ಪ ಪುಸ್ತಕವನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದೆ. ಐದನೇ ಕ್ಲಾಸಿನ ಒಬ್ಬಳು ಅದನ್ನು ಮರುದಿನವೇ ತಂದು ಮೇಜಿನ ಮೇಲಿಟ್ಟಳು. ಇದರಲ್ಲಿ ಎಲ್ಲರೂ ಒಳ್ಳೆಯವರೇ ಮಿಸ್, ಏನೂ ನಡೆಯೋದೇ ಇಲ್ಲ ಅಂದಳು. ಸರಿ, ಇನ್ನು ಮೇಲೆ ನೀವೇ ಹೇಳಿ ಅಂತ, ಓದಿದ ಪುಸ್ತಕದೊಳಗೆ ಅಭಿಪ್ರಾಯದ ಚೀಟಿ ಇಡಲು ಮಕ್ಕಳಿಗೆ ಹೇಳಿದೆ.

“ಮೊದಲ ಹತ್ತು ಪುಟ ಬಿಡಿ, ಆಮೇಲೆ ಹಾವು ಬರುತ್ತೆ” ಅಂತ ಒಬ್ಬ ಬರೆದ. ಆ ಪುಸ್ತಕಕ್ಕೆ ಜಗಳವೇ ಆಯಿತು. “ಕೊನೆಯಲ್ಲಿ ಅಳು ಬರುತ್ತೆ, ಟವೆಲ್ ಇಟ್ಕೊಳ್ಳಿ” ಅಂತ ಇನ್ನೊಬ್ಬಳು ಬರೆದಳು. ವರ್ಷಗಟ್ಟಲೆ ಧೂಳು ಹಿಡಿದಿದ್ದವೂ ಮನೆಮನೆ ತಿರುಗತೊಡಗಿದವು. ನನ್ನ ನೀತಿಕಥೆ ಪುಸ್ತಕದಲ್ಲಿ ಮಾತ್ರ, “ನಿದ್ದೆ ಬರದೇ ಇರೋರು ತಗೊಳ್ಳಿ” ಅಂತ ಚೀಟಿ ಇತ್ತು.

ದಿನಾ ಪೇಪರ್ ಓದಲು ಬರುವ ತಾತನೊಬ್ಬರು ಆ ಚೀಟಿ ನೋಡಿ ಪುಸ್ತಕ ತಗೊಂಡು ಹೋದರು. ವಾರದ ಮೇಲೆ ಬಂದು ಕೈ ಮುಗಿದರು.

“ಭಾರಿ ಒಳ್ಳೆ ಪುಸ್ತಕ ಕಣವ್ವಾ. ಎರಡು ಪುಟ ದಾಟೋಕೆ ಇನ್ನೂ ಆಗಿಲ್ಲ.”

ಖಾಲಿ ಕಪಾಟು

ಹೋದ ವರ್ಷ ನಮ್ಮ ಗ್ರಂಥಾಲಯದ ಮಕ್ಕಳ ಕೋಣೆಗೆ ಕುತ್ತು ಬಂತು. ಪಂಚಾಯಿತಿಯ ಸದಸ್ಯರೊಬ್ಬರಿಗೆ ನೀರಿನ ಪೈಪು, ಬೀದಿದೀಪದ ಸಾಮಾನು ಇಡಲು ಜಾಗ ಬೇಕಿತ್ತು. ಈಗಿನ ಮಕ್ಕಳು ಮೊಬೈಲ್ ಬಿಟ್ಟು ಬೇರೇನು ನೋಡ್ತಾರೆ, ಆ ಕೋಣೆ ಸುಮ್ಮನೆ ಬಿದ್ದಿದೆ ಅಂತ ತಾಲ್ಲೂಕಿಗೆ ಅರ್ಜಿ ಕೊಟ್ಟರು. ದೇವನಹಳ್ಳಿಯಿಂದ ಅಧಿಕಾರಿಯೊಬ್ಬರು ನೋಡಲು ಬಂದೇಬಿಟ್ಟರು. ಮುಂಚೆ ತಿಳಿಸಿರಲಿಲ್ಲ.

ಸದಸ್ಯರು ಮಕ್ಕಳ ಕೋಣೆಯ ಕಪಾಟು ತೆರೆದರು. ಒಂದು ಪುಸ್ತಕವೂ ಇರಲಿಲ್ಲ. ನಾನು ಹೇಳಿದ್ನಲ್ಲ ಸಾರ್, ಪುಸ್ತಕವೇ ಇಲ್ಲದ ಗ್ರಂಥಾಲಯ ಅಂದರು. ಎಲ್ಲಾ ಮಕ್ಕಳ ಹತ್ತಿರವೇ ಇವೆ ಸಾರ್ ಅಂತ ರಿಜಿಸ್ಟರ್ ತೋರಿಸಿದೆ. ಬರೆಯೋದು ಯಾರು ಬೇಕಾದರೂ ಬರೆಯಬಹುದು ಅಂದರು ಸದಸ್ಯರು. ಅಧಿಕಾರಿ ಗಡಿಯಾರ ನೋಡಿಕೊಂಡು, ಸ್ಕೂಲು ಬಿಡೋವರೆಗೂ ಕಾಯ್ತೀನಿ ಅಂತ ಕೂತರು.

ಅಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಆಮೇಲೆ ಬೆಲ್ ಕೇಳಿಸಿತು, ಅದರ ಹಿಂದೆಯೇ ಚಪ್ಪಲಿಗಳ ಸದ್ದು. ಮೊದಲು ಐದಾರು ಜನ, ಆಮೇಲೆ ಬಾಗಿಲಲ್ಲಿ ಜಾಗವಿಲ್ಲದಷ್ಟು. ಎಲ್ಲರ ಬ್ಯಾಗಿನಲ್ಲೂ ನಮ್ಮ ಸೀಲು ಬಿದ್ದ ಪುಸ್ತಕ. ವಾಪಸ್ ಕೊಡುವವರು, ಇನ್ನೊಂದು ವಾರ ಬೇಕು ಅನ್ನುವವರು, ಅದು ನನಗೆ ಅನ್ನುವವರು. ನನ್ನ ಕಣ್ಣು ಒದ್ದೆಯಾಯಿತು. ಸದಸ್ಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಅವರಿಗೆ ಕಾಲಿಡಲು ಜಾಗವಿರಲಿಲ್ಲ.

ಕೋಣೆ ಮಕ್ಕಳದೇ, ಇನ್ನೊಂದು ಕಪಾಟು ಕೂಡ ಕೊಡಿಸ್ತೀನಿ ಅಂತ ಅಧಿಕಾರಿ ಅಲ್ಲೇ ಹೇಳಿದರು. ಹೊರಡುವ ಮುನ್ನ, ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದೆಗವಚಿಕೊಂಡಿದ್ದ ಪುಸ್ತಕ ನೋಡಿ, ನನಗೂ ಎರಡು ದಿನ ಕೊಡ್ತೀಯಾ ಅಂದರು. ಸರದಿಯಲ್ಲಿ ಇನ್ನೂ ಏಳು ಜನ ಇದ್ದಾರೆ, ಹೆಸರು ಬರೆಸಿ ಸಾರ್ ಅಂದಳು. ಅವರು ನಗದೆ ಹೆಸರು ಬರೆಸಿದರು. ಅವಳಿಗೆ ಪಾಪ ಅನ್ನಿಸಿತೇನೋ, ಆಗಷ್ಟೇ ವಾಪಸ್ ಬಂದ ಪುಸ್ತಕಗಳಲ್ಲಿ ಹುಡುಕಿ, ತುಂಬಾ ಚಿತ್ರವಿರುವ ತೆಳ್ಳನೆಯದೊಂದನ್ನು ಅವರ ಕೈಗಿಟ್ಟಳು.

“ಅಲ್ಲೀವರೆಗೂ ಇದನ್ನ ಓದ್ತಿರಿ ಸಾರ್. ಅಕ್ಷರ ದೊಡ್ಡದಾಗಿದೆ. ಗೊತ್ತಾಗದೇ ಇರೋ ಕಡೆ ಚಿತ್ರ ನೋಡ್ಕೊಳ್ಳಿ.”