ನಮ್ಮ ಟಾಕಿ ಗುನುಗಿದ ಭಾನುವಾರ

ಬೆಳಗಿನ ಆರು ಹದಿನೇಳರ ಫಾಸ್ಟ್ ಲೋಕಲ್ ರೈಲು ಮನೆಯ ಪಕ್ಕದ ಹಳಿಯಲ್ಲಿ ಹಾದುಹೋಗುವಾಗ ನಮ್ಮ ಅಡುಗೆಮನೆಯ ಹಲಗೆಯ ಮೇಲಿರುವ ಹನ್ನೊಂದು ಸ್ಟೀಲ್ ಡಬ್ಬಿಗಳಲ್ಲಿ ಎಡದಿಂದ ಮೂರನೆಯದರ ಮುಚ್ಚಳ ಮಾತ್ರ ಸಣ್ಣಗೆ ಗುನುಗುತ್ತದೆ. ಅದು ಉದ್ದಿನಬೇಳೆಯ ಡಬ್ಬಿ. ಬೇಳೆ ತುಂಬಿರುವಾಗ ಸುಮ್ಮನಿರುತ್ತದೆ, ಅರ್ಧಕ್ಕಿಂತ ಕೆಳಗಿಳಿದ ಮೇಲೆ ದನಿ ತೆಗೆಯುತ್ತದೆ. ಅಮ್ಮ ಹಾಸಿಗೆ ಬಿಟ್ಟು ಏಳದೆಯೇ ಆಲಿಸಿ, "ಇವತ್ತು ಬರುವಾಗ ಒಂದು ಕಿಲೋ ಉದ್ದು ತಾ ಮಾರಾಯ್ತಿ" ಎನ್ನುತ್ತಾಳೆ. ನಾನು ಆರು ವರ್ಷ ಎಂಜಿನಿಯರಿಂಗ್ ಓದಿದ್ದೇನೆ, ಅದರಲ್ಲಿ ಕೊನೆಯ ಎರಡು ವರ್ಷ ಬರೀ ಕಂಪನದ ಬಗ್ಗೆ. ಪಾತ್ರೆಯೊಳಗೆ ಎಷ್ಟು ಸರಕಿದೆ ಎಂಬುದನ್ನು ಅದರ ನಡುಕದಿಂದ ಹೇಳಬಹುದು ಎಂದು ನಾನು ಪ್ರಬಂಧ ಬರೆದು ಪದವಿ ಪಡೆದೆ. ಅಮ್ಮ ಪದವಿಯಿಲ್ಲದೆ ಇಡ್ಲಿ ಮಾಡುತ್ತಾಳೆ.

ಕೆಲಸ ಮಹಾಪೆಯಲ್ಲಿ. ಡೊಂಬಿವಲಿಯಿಂದ ಶೀಳ್ ಫಾಟಾದ ಮೇಲೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕಿದರೆ ಒಂದು ಗಂಟೆ, ನಿಂತು ಹೋದರೆ ಅದೇ ಒಂದು ಗಂಟೆ ಮೂರು ಗಂಟೆಯಷ್ಟು ಉದ್ದ. ನಮ್ಮದು ಸಣ್ಣ ಕಂಪನಿ. ಎಣ್ಣೆ, ರಾಸಾಯನಿಕ, ಸಕ್ಕರೆ ಪಾಕ ಇಂಥವನ್ನು ತುಂಬಿಡುವ ದೊಡ್ಡ ಟ್ಯಾಂಕುಗಳ ತಳದಲ್ಲಿ ಕಾಲಕ್ರಮೇಣ ಗಷ್ಟು ಕೂರುತ್ತದೆ. ಅದನ್ನು ಕೆರೆಯಲು ಮನುಷ್ಯನನ್ನು ಒಳಗಿಳಿಸುವ ಬದಲು ಟ್ಯಾಂಕಿನ ಹೊರಮೈಗೆ ನಮ್ಮ ಯಂತ್ರವನ್ನು ಅಂಟಿಸುತ್ತೇವೆ. ಅದು ಟ್ಯಾಂಕನ್ನು ಹಿತವಾಗಿ ನಡುಗಿಸುತ್ತದೆ. ಒಳಗೆ ಪದರಗಟ್ಟಿದ್ದು ಸಡಿಲಾಗಿ, ಮೇಲೆದ್ದು, ದ್ರವದಲ್ಲಿ ತೇಲುತ್ತದೆ. ಹಾಗೆ ತೇಲುತ್ತಿರುವಾಗಲೇ ಕೆಳಗಿನ ತೂಬು ತೆರೆದು ಹೊರಗೆ ಬಿಡಬೇಕು. ತಡಮಾಡಿದರೆ ಎದ್ದದ್ದೆಲ್ಲ ಮತ್ತೆ ತಳ ಸೇರುತ್ತದೆ. ಇಷ್ಟೇ ನನ್ನ ವಿದ್ಯೆ. ಅಮ್ಮ ಇದನ್ನು ನೆಂಟರಿಗೆ ಇನ್ನೂ ಸಂಕ್ಷಿಪ್ತವಾಗಿ ಹೇಳುತ್ತಾಳೆ. "ಅವಳಿಗೆ ಟ್ಯಾಂಕ್ ಅಲ್ಲಾಡಿಸುವ ಕೆಲಸ." ನೋಡಲು ಬಂದ ಗಂಡಿನ ಕಡೆಯವರೊಬ್ಬರು ಇದನ್ನು ಕೇಳಿ ಸ್ವಲ್ಪ ಹೊತ್ತು ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿದ್ದರು. ನಾನು ವಿವರಿಸಬಹುದಿತ್ತು. ವಿವರಿಸಲಿಲ್ಲ. ಮಾತು ನನಗೆ ಯಾವಾಗಲೂ ಮೂರನೆಯ ದಿನ ಹೊಳೆಯುತ್ತದೆ.

ನಮ್ಮ ಕಟ್ಟಡದಲ್ಲಿ ಹದಿನಾರು ಮನೆಗಳು, ಒಬ್ಬ ಸೆಕ್ರೆಟರಿ, ಮತ್ತು ಹಣಮಪ್ಪ ಕಾಕಾ. ಬಾಗಲಕೋಟೆ ಕಡೆಯ ಹಣಮಪ್ಪ ಕಾಕಾ ಇಪ್ಪತ್ತೆರಡು ವರ್ಷಗಳಿಂದ ನಮ್ಮ ನೀರಿನ ಅಧಿಪತಿ. ಪಂಪ್ ಹಾಕುವುದು, ಬೆಳಿಗ್ಗೆ ಸಂಜೆ ವಾಲ್ವ್ ತಿರುಗಿಸುವುದು, ವರ್ಷಕ್ಕೆರಡು ಸಲ ತಾರಸಿಯ ಟ್ಯಾಂಕಿನೊಳಗೆ ಇಳಿದು ತಿಕ್ಕುವುದು ಎಲ್ಲ ಅವರದೇ. ಅವರ ಹೆಂಡತಿ ಗಂಗವ್ವ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಾಳೆ. ಕರಾವಳಿಯವರಾದ ನಾವು ಅವಳ ದೆಸೆಯಿಂದ ವಾರಕ್ಕೆ ಎರಡು ದಿನ ಉತ್ತರ ಕರ್ನಾಟಕದವರು.

ಒಂದು ಸಂಜೆ ರೊಟ್ಟಿಯ ಜೊತೆ ಅವಳು ಮಾತನ್ನೂ ತಂದಳು. "ಯವ್ವಾ, ಹ್ವಾದ ಸಲ ಟಾಕ್ಯಾಗ ಇಳದಾಗ ಇವರ ಮೊಣಕಾಲು ಜಾರಿತ್ರಿ. ಇನ್ನೂ ಬಾವು ಇಳದಿಲ್ಲ. ಮತ್ತ ಇಳೀತೀನಿ ಅಂತಾರ. ಈ ಸಲ ಇಳದ್ರ ಇಳದಂಗ, ಹತ್ತೂದು ಆಗಂಗಿಲ್ಲ. ನಿಮ್ಮ ಮಗಳ ಮಷೀನ್‍ಗೆ ಮನಷ್ಯಾರು ಒಳಗ ಹೋಗೂದು ಬ್ಯಾಡಂತಲ್ರಿ?"

ಅಮ್ಮ ನನ್ನ ಕಡೆ ನೋಡಿದಳು. ಗಂಗವ್ವನೂ ನೋಡಿದಳು. ನಾನು ಹೇಳಿದೆ: "ಈ ಸಲ ಕಾಕಾ ಟ್ಯಾಂಕಿಗೆ ಇಳಿಯುವುದಿಲ್ಲ." ಇಷ್ಟು ಉದ್ದದ, ಇಷ್ಟು ಖಚಿತವಾದ ವಾಕ್ಯವನ್ನು ನಾನು ಮನೆಯಲ್ಲಿ ಆಡಿ ಬಹಳ ದಿನವಾಗಿತ್ತು. ಗಂಗವ್ವ ಎರಡು ರೊಟ್ಟಿ ಹೆಚ್ಚಿಗೆ ಇಟ್ಟುಹೋದಳು.

ಆಫೀಸಿನಲ್ಲಿ ಸಣ್ಣ ಯಂತ್ರವೊಂದನ್ನು ಪರೀಕ್ಷೆಗೆಂದು ಕೇಳಿದೆ. ಸಾಹೇಬರು ಒಂದು ಫಾರ್ಮ್ ಕೊಟ್ಟರು. ಟ್ಯಾಂಕಿನ ಗಾತ್ರ, ಎತ್ತರ, ವಸ್ತು. ನಾನು ಅಚ್ಚುಕಟ್ಟಾಗಿ ತುಂಬಿದೆ. ವಸ್ತು: ಉಕ್ಕು. ಶನಿವಾರ ಯಂತ್ರವನ್ನು ಬಸ್ಸಿನ ಸೀಟಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಅದಕ್ಕೂ ಟಿಕೆಟ್ ತೆಗೆದುಕೊಂಡು ಮನೆಗೆ ತಂದೆ. ಸೆಕ್ರೆಟರಿ ಪಾಟೀಲ ಕಾಕಾ ಮೆಟ್ಟಿಲ ಬಳಿ ಸಿಕ್ಕಿ, "ಅಗ ಬೇಟಾ, ಹೇ ಚಾಲಣಾರ್ ಕಾ?" ಎಂದರು. ನಡೆಯುತ್ತದೆ ಎಂದು ತಲೆಯಾಡಿಸಿದೆ. "ನಡೆಯದಿದ್ದರೆ ಹಣಮಪ್ಪ ಇದ್ದೇ ಇದ್ದಾನೆ" ಎಂದು ಅವರು ಮರಾಠಿಯಲ್ಲಿ ನಿಶ್ಚಿಂತೆಯಿಂದ ಹೇಳಿ ಹೋದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನೂ ಹಣಮಪ್ಪ ಕಾಕಾನೂ ತಾರಸಿಗೆ ಹೋದೆವು. ಯಂತ್ರದ ಬೆನ್ನಿಗೆ ನಾಲ್ಕು ಬಲವಾದ ಆಯಸ್ಕಾಂತಗಳಿವೆ. ಟ್ಯಾಂಕಿನ ಹತ್ತಿರ ಒಯ್ದರೆ ಸಾಕು, ಕೈಯಿಂದ ಕಿತ್ತುಕೊಂಡು ಹೋಗಿ ಅಂಟುತ್ತದೆ. ಒಯ್ದೆ. ಅಂಟಲಿಲ್ಲ. ಇನ್ನೊಂದು ಕಡೆ ಒತ್ತಿದೆ, ಜಾರಿತು. ಮೂರನೆಯ ಸಲ ಜಾರಿದಾಗ ಕಾಕಾ ಮೆಲ್ಲಗೆ ಕೆಮ್ಮಿದರು.

"ಯವ್ವಾ, ಇದು ಪ್ಲಾಸ್ಟಿಕ್ ಟಾಕಿ."

ನಾನು ಹಿಂದೆ ಸರಿದು ನೋಡಿದೆ. ಕಪ್ಪಗೆ, ದುಂಡಗೆ, ನನ್ನ ಎರಡರಷ್ಟು ಎತ್ತರದ ಪ್ಲಾಸ್ಟಿಕ್. ನಾನು ಮಗುವಾಗಿದ್ದಾಗ ಅಲ್ಲಿ ಕಬ್ಬಿಣದ ಟ್ಯಾಂಕಿತ್ತು, ಕೆಂಪು ಬಣ್ಣ ಬಳಿದದ್ದು. ಅದರ ನೆರಳಲ್ಲಿ ಕೂತು ಪುಸ್ತಕ ಓದುತ್ತಿದ್ದೆ. ಫಾರ್ಮಿನಲ್ಲಿ ನಾನು ತುಂಬಿದ್ದು ಆ ಟ್ಯಾಂಕನ್ನು.

"ಅದನ್ನ ತಗದು ಹನ್ನೊಂದು ವರ್ಷ ಆತು" ಎಂದರು ಕಾಕಾ. "ಅವಾಗ ನೀ ಹತ್ತನೇತ್ತಾ ಪರೀಕ್ಷಾಕ್ಕ ಓದಾಕತ್ತಿದ್ದಿ. ಮ್ಯಾಲೆ ಗದ್ಲ ಮಾಡಬ್ಯಾಡ್ರಿ, ಹುಡುಗಿ ಓದಾಕತ್ತೈತಿ ಅಂತ ನಿಮ್ಮವ್ವ ನಮ್ಮನ್ನ ಬೈದಿದ್ಲು."

ಹನ್ನೊಂದು ವರ್ಷ ಅದರ ನೀರು ಕುಡಿದಿದ್ದೆ. ಕಾರ್ಖಾನೆಗಳ ಟ್ಯಾಂಕುಗಳ ಗೋಡೆಯನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆಯುವ ನಾನು ನಮ್ಮ ಮನೆಯ ಮೇಲಿನದನ್ನು ತಲೆಯೆತ್ತಿ ನೋಡಿರಲಿಲ್ಲ. ಕಾಕಾ ನಗಲಿಲ್ಲ, ಅದು ಅವರ ದೊಡ್ಡತನ. ಅಮ್ಮನಾದರೋ ನಕ್ಕಳು. ಸಂಡಿಗೆ ಒಣಗಲು ಹಾಕಲು ಬಂದವಳು ವಿಷಯ ತಿಳಿದು ಕೆಳಗೆ ಹೋಗಿ ತನ್ನ ಹಳೆಯ ಕಾಟನ್ ಸೀರೆಯೊಂದನ್ನು ತಂದಳು. "ಅಂಟದಿದ್ದರೆ ಕಟ್ಟು. ಅದಕ್ಕೆ ಎಂತ ಆಲೋಚನೆ?" ಮೂವರೂ ಸೇರಿ ಯಂತ್ರವನ್ನು ಟ್ಯಾಂಕಿನ ಹೊಟ್ಟೆಗೆ ಕಟ್ಟಿದೆವು. ಸೀರೆಯ ಅಂಚು ನೇರಳೆ ಬಣ್ಣದ್ದು. ಕಟ್ಟಿ ಮುಗಿದಾಗ ಟ್ಯಾಂಕು ಬಾಣಂತಿಯ ಹಾಗೆ ಕಾಣುತ್ತಿತ್ತು.

ವ್ಯವಸ್ಥೆಯಲ್ಲಿ ಮಾತ್ರ ನಾನು ಲೋಪ ಬಿಡಲಿಲ್ಲ. ಮನೆಗಳಿಗೆ ಹೋಗುವ ವಾಲ್ವನ್ನೂ ತೂಬಿನ ವಾಲ್ವನ್ನೂ ಮುಚ್ಚಿಸಿದೆ. ಎರಡೂ ಕೆಳಗೆ ಮೆಟ್ಟಿಲ ಪಕ್ಕದಲ್ಲಿವೆ. ಕಾಕಾ ಅಲ್ಲಿ ಸ್ಟೂಲ್ ಹಾಕಿಕೊಂಡು ಕೂರಬೇಕು. ನಲವತ್ತು ನಿಮಿಷ ನಡುಗಿಸಿದ ಮೇಲೆ ನಾನು ಮೇಲಿನಿಂದ ಪೈಪಿನ ಮೇಲೆ ಸ್ಪ್ಯಾನರಿನಿಂದ ಮೂರು ಸಲ ಬಡಿಯುತ್ತೇನೆ. ಅವರು ತೂಬು ತೆರೆಯಬೇಕು. ಗಷ್ಟೆಲ್ಲ ಮೋರಿಗೆ ಹೋಗುತ್ತದೆ, ಕಾಕಾನ ಮೊಣಕಾಲು ನೆಲದ ಮೇಲೇ ಉಳಿಯುತ್ತದೆ.

ಯಂತ್ರ ಚಾಲೂ ಮಾಡಿದೆ. ಉಕ್ಕಿನ ಟ್ಯಾಂಕಿನಲ್ಲಿ ಅದರ ದನಿ ಕಟುವಾಗಿರುತ್ತದೆ, ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ಕು, ನೀರು, ಸೀರೆ ಇವುಗಳ ನಡುವೆ ಹಾದು ಬಂದ ದನಿ ಬೇರೆಯೇ ಆಗಿತ್ತು. ದೂರದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಹಾಡುವ ಹಾಗೆ. ಅದು ಪೈಪುಗಳಲ್ಲಿ ಇಳಿದು ಗೋಡೆಗಳನ್ನು ಸೇರಿತು. ಪ್ಲಾಸ್ಟಿಕ್ ಹಾಳೆಯ ಮೇಲಿನ ಸಂಡಿಗೆಗಳು ಒಂದೊಂದಾಗಿ ಕದಲಿ, ಬಹಳ ಸಾವಧಾನವಾಗಿ ಪೂರ್ವ ದಿಕ್ಕಿಗೆ ಹೊರಟವು. ಟ್ಯಾಂಕಿನ ಮೇಲಿದ್ದ ಕಾಗೆ ಹಾರಿಹೋಗಲು ಎದ್ದು, ಮನಸ್ಸು ಬದಲಾಯಿಸಿ ಮತ್ತೆ ಕೂತು ಕಣ್ಣು ಮುಚ್ಚಿತು.

ಹಳಿಯ ಪಕ್ಕದಲ್ಲಿ ಹುಟ್ಟಿ ಬೆಳೆದವರ ಒಂದು ಗುಣವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮನ್ನು ತೊಟ್ಟಿಲಲ್ಲಿ ತೂಗಿದ್ದೇ ರೈಲು. ಊರಿನಿಂದ ಬಂದ ನೆಂಟರು ಮೊದಲ ರಾತ್ರಿ ನಿದ್ದೆಯಿಲ್ಲದೆ ಗೋಡೆ ಹಿಡಿದು ಕೂರುತ್ತಾರೆ, ನಮಗೆ ರೈಲು ನಿಂತ ದಿನವೇ ಎಚ್ಚರವಾಗುವುದು. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೇಗಾಬ್ಲಾಕಿನ ಭಾನುವಾರಗಳಲ್ಲಿ ಇಡೀ ಕಟ್ಟಡ ಮಧ್ಯಾಹ್ನದ ನಿದ್ದೆ ಕೆಟ್ಟು ಸಿಡಿಮಿಡಿ ಮಾಡುತ್ತಿರುತ್ತದೆ. ಅಂದೂ ಅಂಥದೇ ಭಾನುವಾರ. ರೈಲಿಲ್ಲದೆ ಹೊರಳಾಡುತ್ತಿದ್ದ ಹದಿನಾರು ಮನೆಗಳಿಗೆ ನಾನು ನಲವತ್ತು ನಿಮಿಷದ ರೈಲನ್ನು ತಾರಸಿಯಿಂದ ಇಳಿಸಿದ್ದೆ. ಆಮೇಲೆ ತಿಳಿದಂತೆ, ಎರಡನೆಯ ಮಹಡಿಯ ಅಜ್ಜಿ ಜಪಮಾಲೆಯ ನಡುವೆಯೇ ಮಲಗಿದರು. ಪಾಟೀಲ ಕಾಕಾ ಕಮಿಟಿಯ ವರದಿ ಓದುತ್ತ ಕನ್ನಡಕದ ಸಮೇತ ಮಲಗಿದರು. ಸಂಡಿಗೆ ಕಾಯಲು ಕೂತಿದ್ದ ಅಮ್ಮ ಛತ್ರಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದಳು.

ನಾನು ಮಲಗಲಿಲ್ಲ. ಟ್ಯಾಂಕಿಗೆ ಬೆನ್ನು ಕೊಟ್ಟು ಕೂತೆ, ಅಷ್ಟೇ. ಬೆನ್ನಿಗೆ ನೀರಿನ ತಂಪು, ಎಲುಬಿನೊಳಗೆ ಆ ಗುನುಗು, ಮುಂದೆ ಮಲಂಗಗಡದ ಕಡೆಯ ಬೆಟ್ಟಗಳು ಬಿಸಿಲಲ್ಲಿ ತೆಳ್ಳಗಾಗಿ ಕಾಗದದ ಹಾಗೆ ಅಲುಗುತ್ತಿದ್ದವು. ಒಳಗೆ ಗಷ್ಟು ಏಳುತ್ತಿರುವುದು ನನಗೆ ಕಾಣುತ್ತಿದ್ದಂತಿತ್ತು. ಮೊದಲು ತೆಳುವಾದ ಹೊಗೆ, ಆಮೇಲೆ ಮೋಡ. ಮೋಡದ ನಡುವೆ ನಾನು ಬಸ್ಸಿನಲ್ಲಿ ಕೂತಿದ್ದೆ. ಶೀಳ್ ಫಾಟಾದ ಗುಡ್ಡ ನೀರಿನೊಳಗಿತ್ತು. ಕಂಡಕ್ಟರು ಟಿಕೆಟ್ ಕೊಡುತ್ತ, ಉಪ್ಪಿಟ್ಟು ನಿಲ್ಲಿಸಿದ್ದ ಆ ಗೃಹಸ್ಥರಿಗೆ ನಾನು ಏನು ಹೇಳಬೇಕೆಂದಿದ್ದೆ ಎಂದು ಕೇಳಿದ. ನಾನು ಎಲ್ಲವನ್ನೂ ಹೇಳಿದೆ, ಒಂದಾದ ಮೇಲೊಂದು, ಬಹಳ ಚೆನ್ನಾಗಿ. ಹೇಳದೆ ತಳದಲ್ಲಿ ಕೂತದ್ದೆಲ್ಲ ಮೇಲೆದ್ದು ಬಂತು. ಬಸ್ಸಿನವರೆಲ್ಲ ತಲೆದೂಗಿದರು. ಎಷ್ಟು ಹಗುರಾಗಿದ್ದೆನೆಂದರೆ ಸೀಟಿನಿಂದ ಸ್ವಲ್ಪ ಮೇಲೆಯೇ ಇದ್ದೆ.

ಎಚ್ಚರವಾದದ್ದು ಕೆಳಗಿನಿಂದ ಎದ್ದ ಕೂಗಿಗೆ. ಗಂಟೆ ಆರು. ಯಂತ್ರ ನಲವತ್ತು ನಿಮಿಷಕ್ಕೆ ಸರಿಯಾಗಿ ತಾನೇ ನಿಂತಿತ್ತು. ಅದನ್ನು ತಯಾರಿಸಿದವರು ಜವಾಬ್ದಾರಿಯುಳ್ಳವರು. ಸ್ಪ್ಯಾನರು ನನ್ನ ಮಡಿಲಲ್ಲಿತ್ತು.

ನಡೆದದ್ದು ಇಷ್ಟು. ಕೆಳಗೆ ಕಾಕಾ ಮೂರು ಬಡಿತಗಳಿಗಾಗಿ ಕಾದು, ಪೈಪಿಗೆ ಕಿವಿಯಿಟ್ಟುಕೊಂಡು, ಕಿವಿಯಿಟ್ಟಲ್ಲೇ ನಿದ್ದೆ ಹೋಗಿದ್ದರು. ಆರು ಗಂಟೆಗೆ ಅವರ ಕೈ ಎಚ್ಚರವಾಯಿತು. ತಲೆ ಎಚ್ಚರವಾಗಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಸಂಜೆ ಆರಕ್ಕೆ ಮಾಡುತ್ತ ಬಂದದ್ದನ್ನೇ ಆ ಕೈ ಮಾಡಿತು. ಮನೆಗಳ ವಾಲ್ವನ್ನು ತಿರುಗಿಸಿತು. ಅಷ್ಟರಲ್ಲಿ ಗಷ್ಟಿನ ಬಹುಪಾಲು ಮತ್ತೆ ತಳಕ್ಕಿಳಿದು ಸುಖವಾಗಿ ಕೂತಿತ್ತು. ಇನ್ನೂ ತೇಲುತ್ತಿದ್ದ ಸ್ವಲ್ಪ ಭಾಗ ಹದಿನಾರು ಮನೆಗಳ ಸಂಜೆಯ ಚಹಾದ ಪಾತ್ರೆಗಳಿಗೆ, ಹಾಲಿಲ್ಲದೆಯೇ ಚಹಾದ ಬಣ್ಣದಲ್ಲಿ, ಇಳಿಯಿತು.

ಮೆಟ್ಟಿಲ ಬಳಿ ಸಭೆ ಸೇರಿತು. ಎಲ್ಲರ ಕೆನ್ನೆಯ ಮೇಲೂ ದಿಂಬಿನ ಗೆರೆಗಳಿದ್ದವು. ನಾಲ್ಕು ಗಂಟೆ ನಿದ್ದೆ ಮಾಡಿದವರಿಗೆ ಸಿಟ್ಟು ಮಾಡಲು ಬರುವುದಿಲ್ಲ ಎಂದು ನನಗೆ ಅಂದು ತಿಳಿಯಿತು. ಪಾಟೀಲ ಕಾಕಾ ಪ್ರಯತ್ನಪಟ್ಟರು. ಯಂತ್ರದ ಬಗ್ಗೆ ಒಂದು ಮಾತೂ ಆಡದೆ ಹಣಮಪ್ಪ ಕಾಕಾನ ಕಡೆ ತಿರುಗಿ, "ಹಣಮಪ್ಪಾ, ಉದ್ಯಾ ಸಕಾಳಿ ಆತ್ ಉತರ್. ಹಾತಾನೆ ಸಾಫ್ ಕರ್" ಎಂದರು. ನಾಳೆ ಬೆಳಿಗ್ಗೆ ಒಳಗಿಳಿ, ಕೈಯಿಂದಲೇ ತಿಕ್ಕು.

"ಹೋ ಸಾಹೇಬ್" ಎಂದು ಒಪ್ಪಿದರು ಹಣಮಪ್ಪ ಕಾಕಾ. "ವಾಲ್ವ್ ತಿರುವಿದಾಂವ ನಾನಽ ಅಲ್ಲೇನ್ರಿ?"

ಗಂಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. "ತಪ್ಪು ನನ್ನದು, ಬಡಿಯಬೇಕಾದವಳು ನಾನು" ಎಂದು ನಾನು ಹೇಳಿದೆ. ಹೇಳಿದ್ದು ಹೌದು. ಆದರೆ ನನ್ನ ದನಿ ಎಷ್ಟು ಸಣ್ಣದಿತ್ತೆಂದರೆ ಪಕ್ಕದಲ್ಲಿದ್ದ ಅಮ್ಮ ಮಾತ್ರ, "ಎಂತ ಹೇಳಿದ್ದು?" ಎಂದಳು. ಅಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು. ಆ ರಾತ್ರಿ ಗಂಗವ್ವನ ರೊಟ್ಟಿ ಎಂದಿನಷ್ಟೇ ಇತ್ತು, ಹೆಚ್ಚಿಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಕಾಲೇಜಿನ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿ, ತಲೆಗೆ ದುಪಟ್ಟಾ ಬಿಗಿದು, ಕೆಳಗೆ ಹೋಗಿ ತೂಬನ್ನು ನಾನೇ ತೆರೆದು ಟ್ಯಾಂಕು ಬರಿದಾಗಲು ಬಿಟ್ಟೆ. ಹಣಮಪ್ಪ ಕಾಕಾ ತೆಂಗಿನ ನಾರಿನ ಬ್ರಷ್ಷು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ತಾರಸಿಗೆ ಬರುವಷ್ಟರಲ್ಲಿ ನಾನು ಏಣಿಯ ಮೇಲಿದ್ದೆ. ಬ್ರಷ್ಷಿಗಾಗಿ ಕೈ ಚಾಚಿದೆ. "ನೀ ಏನ್ ಮಾಡಾಕತ್ತಿ? ಇಳೀ ಕೆಳಗ. ಸಾಹೇಬ್ರು ನನಗ ಹೇಳ್ಯಾರ" ಎಂದರು. "ಗಂಗವ್ವನಿಗೆ ನಾನು ಮಾತು ಕೊಟ್ಟಿದ್ದೇನೆ" ಎಂದೆ. ಈ ಸಲ ಕೇಳಿಸಿತು. ಅವರು ನನ್ನನ್ನೂ ತಮ್ಮ ಮೊಣಕಾಲನ್ನೂ ನೋಡಿ ಬ್ರಷ್ಷು ಕೊಟ್ಟರು. ಏಣಿಯನ್ನು ಬಿಗಿಯಾಗಿ ಹಿಡಿದರು.

ಒಳಗೆ ಬೆಳಕು ಮುಚ್ಚಳದ ಬಾಯಿಯಿಂದ ಒಂದು ದುಂಡನೆಯ ರೊಟ್ಟಿಯಷ್ಟು ಬೀಳುತ್ತಿತ್ತು. ಪಾದದ ಕೆಳಗೆ ಗಷ್ಟು ಮೆತ್ತಗೆ, ತಂಪಾಗಿ, ಒಂದಿಷ್ಟೂ ಕದಲದೆ ಇತ್ತು. ತಿಕ್ಕಿದೆ. ಮೇಲಿನ ಬಾಯಿಯಲ್ಲಿ ಕಾಕಾನ ಮುಖ ಕಾಣಿಸಿಕೊಂಡು, "ಎಡಕ್ಕ ಉಳದೈತಿ. ಹಂಗಲ್ಲ, ಸುತ್ತಾಕ ತಿಕ್ಕು. ಕಾಲೇಜದಾಗ ಇದನ್ನ ಕಲಸಲಿಲ್ಲೇನ?" ಎಂದಿತು. ಸುತ್ತಲೂ ತಿಕ್ಕಿದೆ. ಆರು ಹದಿನೇಳರ ಫಾಸ್ಟ್ ಹಾದುಹೋಯಿತು. ಖಾಲಿ ಟ್ಯಾಂಕು ಒಂದು ಉದ್ದನೆಯ ಸ್ವರ ಹಿಡಿಯಿತು. ಯಾರಿಗೂ ಕೇಳಿಸದು ಎಂಬ ಧೈರ್ಯದಿಂದ ನಾನೂ ಅದೇ ಸ್ವರ ಹಿಡಿದೆ. ಆಮೇಲೆ ಗೊತ್ತಾಯಿತು, ಪೈಪುಗಳ ಮೂಲಕ ಅದು ಹದಿನಾರು ಮನೆಗಳ ನಲ್ಲಿಗಳಲ್ಲೂ ಬಂದಿತ್ತು.

ಒಂಬತ್ತರ ಬಸ್ಸಿನಲ್ಲಿ ಯಂತ್ರವನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಬೆರಳ ಸಂದಿಯಲ್ಲಿ ಇನ್ನೂ ಸ್ವಲ್ಪ ಗಷ್ಟಿರುವಾಗಲೇ ಪರೀಕ್ಷೆಯ ಫಾರ್ಮಿನ ಉಳಿದ ಅಂಕಣಗಳನ್ನು ತುಂಬಿದೆ. ಉಕ್ಕು ಎಂಬುದನ್ನು ಹೊಡೆದುಹಾಕಿ ಪ್ಲಾಸ್ಟಿಕ್ ಎಂದು ತಿದ್ದಿದೆ. ಒಳಗಿಳಿದ ಮನುಷ್ಯರು: ಒಬ್ಬರು. ಫಲಿತಾಂಶ: ಟ್ಯಾಂಕ್ ಸ್ವಚ್ಛವಾಗಿದೆ. ಮಡಿಲಲ್ಲಿ ಗಂಗವ್ವ ಕೊಟ್ಟ ಬುತ್ತಿಯಿತ್ತು. ಬಿಚ್ಚಿ ಎಣಿಸಿದೆ, ಎರಡು ರೊಟ್ಟಿ ಹೆಚ್ಚಿಗೆ ಇದ್ದವು. ಬಸ್ಸು ಶೀಳ್ ಫಾಟಾದ ಏರು ಹತ್ತುತ್ತ ಹಿತವಾಗಿ ನಡುಗತೊಡಗಿತು. ನಾನು ಮಹಾಪೆಯ ಸ್ಟಾಪು ದಾಟಿ ಮೂರು ಸ್ಟಾಪು ಮುಂದೆ ಎಚ್ಚರಗೊಂಡೆ.