ಕುಂಟು ಕುರ್ಚಿಯ ವಿಷಯವಾಗಿ ಹಳದಿ ಗೆರೆಯವರಲ್ಲಿ ಒಂದು ಅರಿಕೆ

ಮಾನ್ಯ ಹಳದಿ ಗೆರೆಯವರೇ,

ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲ ಬುಡದಲ್ಲಿ, ಚೌಕಾಕಾರವಾಗಿ ಪವಡಿಸಿರುವ ತಮಗೆ, ತಮ್ಮಿಂದ ಎಂಟೇ ಹೆಜ್ಜೆ ದೂರದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ದರ್ಜಿ ಮಾಡುವ ಸವಿನಯ ನಮಸ್ಕಾರಗಳು. ದಿನವೂ ಇಷ್ಟು ಜನ ಮೆಟ್ಟಿಕೊಂಡು ಓಡಾಡಿದರೂ ಬಣ್ಣಗೆಡದೆ ಮಲಗಿರುವ ತಾವು ಕ್ಷೇಮವಾಗಿಯೇ ಇದ್ದೀರಿ ಎಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ ಎಂದು ತಿಳಿಸುವುದಕ್ಕಾಗಿಯೇ ಈ ಪತ್ರ.

ಮೊದಲು ತಮ್ಮ ಗುಣಗಾನ ಮಾಡದಿದ್ದರೆ ನಾಲಿಗೆಗೆ ದೋಷ ತಟ್ಟೀತು. ತಾವು ಅವತರಿಸುವ ಮುನ್ನ ಈ ಕಟ್ಟಡದಲ್ಲಿ ಯಾರಿಗೆ ಏನು ಬೇಡವಾದರೂ ಅದು ನೇರವಾಗಿ ಹಿಂಬದಿಯ ಖಾಲಿ ಸೈಟಿಗೆ ಹೋಗಿ ಬೀಳುತ್ತಿತ್ತು. ಹರಿದ ಹಾಸಿಗೆ, ಹಿಡಿ ಮುರಿದ ಕುಕ್ಕರು, ಕತ್ತಿಲ್ಲದ ಟೇಬಲ್ ಫ್ಯಾನು ಎಲ್ಲವೂ ಅಲ್ಲಿ ಒಂದರ ಮೇಲೊಂದು ಬಿದ್ದು, ಕಸದ ಲಾರಿಯವನು ಕೂಡ ನಮ್ಮ ಗೇಟಿನ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಆಗ ನಮ್ಮ ಸಂಘದ ಕಾರ್ಯದರ್ಶಿಗಳು, ಗೇಟಿಗೆ ಬಳಿದು ಮಿಕ್ಕಿದ್ದ ಅರ್ಧ ಡಬ್ಬ ಬಣ್ಣದಲ್ಲಿ ತಮ್ಮನ್ನು ಎಳೆದು, ಮೇಲಿನ ಗೋಡೆಯಲ್ಲಿ ಶಾಸನ ಬರೆಸಿದರು: ಗೆರೆಯ ಒಳಗಿಟ್ಟದ್ದು ಕೊಟ್ಟ ಹಾಗೆ, ಬೇಕಾದವರು ಒಯ್ಯಬಹುದು, ಕೊಟ್ಟವರು ಹಿಂದಕ್ಕೆ ಕೇಳಕೂಡದು. ಅಬ್ಬಬ್ಬಾ, ಅಂದಿನಿಂದ ನಮ್ಮವರ ಉದಾರತೆಗೆ ಲಂಗುಲಗಾಮು ಉಳಿಯಲಿಲ್ಲ. ಒಂದು ವ್ಯಾಯಾಮದ ಸೈಕಲ್ಲಂತೂ ತಮ್ಮ ಕೃಪೆಯಿಂದ ಹದಿನಾಲ್ಕು ಮನೆ ಸುತ್ತಿದೆ. ಅದನ್ನು ತುಳಿದು ಯಾರ ಹೊಟ್ಟೆಯೂ ಕರಗಲಿಲ್ಲ, ಮೆಟ್ಟಿಲಲ್ಲಿ ಹೊತ್ತು ಇಳಿಸಿ ಹತ್ತಿಸಿ ಎಲ್ಲರ ಹೊಟ್ಟೆಯೂ ಕರಗಿತು.

ಇನ್ನು ನನ್ನ ಸಂಕಟ. ಹೋದ ತಿಂಗಳು ಒಂದು ಬೆಳಿಗ್ಗೆ ಕರೆಂಟು ಹೋಗಿ ನನ್ನ ಕೋಣೆ ಕತ್ತಲಾದಾಗ, ಮೆಟ್ಟಿಲ ಕಿಟಕಿಯ ಬೆಳಕು ತಮ್ಮ ಮೇಲೆ ಮಾತ್ರ ಬೀಳುತ್ತಿದ್ದುದರಿಂದ, ಸೂಜಿಗೆ ದಾರ ಪೋಣಿಸಲೆಂದು ನನ್ನ ಕುರ್ಚಿಯನ್ನು ಎಳೆದು ತಂದು ತಮ್ಮ ಒಳಗೆ ಹಾಕಿಕೊಂಡು ಕೂತೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ “ರೀ, ಹಾಲು ಉಕ್ತಿದೆ, ನನ್ನ ಕೈ ಹಿಟ್ಟಾಗಿದೆ, ಓಡಿ ಬನ್ನಿ” ಎಂದು ಕೂಗಿದಳು. ಓಡಿದೆ, ಒಲೆ ಆರಿಸಿದೆ, ಮರಳಿ ಬಂದೆ. ಕುರ್ಚಿ ಇರಲಿಲ್ಲ. ಕುರ್ಚಿಯ ಮೇಲೆ ಬಿಟ್ಟುಹೋಗಿದ್ದ ಗಿರಾಕಿಯ ಪ್ಯಾಂಟನ್ನು ಮಾತ್ರ ಒಯ್ದವರು ನೀಟಾಗಿ ಮಡಿಸಿ, ತಮ್ಮಿಂದ ಗೇಣು ದೂರ ಹೊರಗಿಟ್ಟು ಹೋಗಿದ್ದರು. ಕಟ್ಟಡದಲ್ಲಿ ಪ್ರಾಮಾಣಿಕತೆ ಇಷ್ಟು ಬೆಳೆದದ್ದು ಕಂಡು ಕಣ್ಣಲ್ಲಿ ನೀರು ಬಂತು.

ಒಂದು ಕುರ್ಚಿಗೆ ಇಷ್ಟು ರಂಪವೇ ಎಂದು ತಾವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಆದರೆ ಮಾನ್ಯರೇ, ಆ ಕುರ್ಚಿಯ ಎಡಗಾಲು ಅರ್ಧ ಇಂಚು ಗಿಡ್ಡ. ಇಪ್ಪತ್ತೆರಡು ವರ್ಷ ಅದರ ಮೇಲೆ ಎಡಕ್ಕೆ ವಾಲಿಕೊಂಡೇ ನೇರವಾಗಿ ಹೊಲಿಯುವುದನ್ನು ಈ ಕೈ ಕಲಿತುಬಿಟ್ಟಿದೆ. ಈಗ ನಾಲ್ಕು ಕಾಲೂ ಸಮನಾಗಿರುವ ಸಭ್ಯ ಕುರ್ಚಿಯಲ್ಲಿ ಕೂತರೆ, ನಾನು ಹೊಲಿದ ಪ್ಯಾಂಟುಗಳ ಎಡಗಾಲು ಅರ್ಧ ಇಂಚು ಗಿಡ್ಡವಾಗಿಯೇ ಹುಟ್ಟುತ್ತದೆ. ಎರಡನೇ ಮಹಡಿಯ ಬ್ಯಾಂಕಿನವರು, ಅವರ ತಮ್ಮ, ಎದುರು ಮನೆಯ ಮದುಮಗ, ಎಲ್ಲರೂ ಒಂದು ಕಾಲು ಕೆಸರಲ್ಲಿಟ್ಟವರಂತೆ ಓಡಾಡುತ್ತಿದ್ದಾರೆ. ಹೊಸ ಕುರ್ಚಿಯ ಕಾಲನ್ನು ನಾನೇ ಕೊಯ್ಯಲು ಹೋದದ್ದೂ ಉಂಟು; ಬಟ್ಟೆ ಕೇಳುವ ಮಾತನ್ನು ಮರ ಕೇಳಲಿಲ್ಲ, ಇದು ಉದ್ದ ಅದು ಗಿಡ್ಡ ಎಂದು ಸರಿಮಾಡುತ್ತ ಹೋಗಿ ಈಗ ಅದು ಮಣೆಯಾಗಿದೆ. ಗಿರಾಕಿಗಳು ಒಬ್ಬೊಬ್ಬರಾಗಿ ಮುಂದಿನ ಬೀದಿಯ ಅಂಗಡಿಗೆ ಹೋಗುತ್ತಿದ್ದಾರೆ. ನಾನು ಹೆದರಿದ್ದೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಿಜವಾಗಿ ಹೆದರಿದ್ದೇನೆ.

ಹುಡುಕುತ್ತ ಹುಡುಕುತ್ತ, ಪರದೆಯ ಅಳತೆಯ ನೆಪದಲ್ಲಿ ಮನೆಮನೆ ಹತ್ತಿ, ಕೊನೆಗೆ ಮೂರನೇ ಮಹಡಿಯ ಅಜ್ಜಿಯ ಮನೆಯಲ್ಲಿ ಕುರ್ಚಿ ಸಿಕ್ಕಿತು. ಅಳಿಯ ಎತ್ತಿಕೊಂಡು ಬಂದದ್ದಂತೆ. “ಯಾರೋ ಪುಣ್ಯಾತ್ಮರು ಕೊಟ್ಟದ್ದು ಮಗಾ. ಪಾಪ, ಒಂದು ಕಾಲು ಕುಂಟಿತ್ತು, ಬಡಗಿ ಹತ್ರ ಸರಿ ಮಾಡ್ಸಿದೆ. ಇದರ ಕೈ ಹಿಡ್ಕೊಂಡು ಈಗ ಯಾರನ್ನೂ ಕರೀದೆ ನಾನೇ ಎದ್ದು ನಿಲ್ತೀನಿ, ನೋಡು” ಎಂದವರು ಮೂರು ಸಲ ಕೂತು, ಮೂರು ಸಲ ಎದ್ದು ತೋರಿಸಿದರು. ನನ್ನ ಇಪ್ಪತ್ತೆರಡು ವರ್ಷದ ಕುಂಟನ್ನು ಬಡಗಿ ಒಂದೇ ಏಟಿಗೆ ನೆಟ್ಟಗೆ ಮಾಡಿದ್ದ. ಹೊಟ್ಟೆ ಉರಿದದ್ದು ಸುಳ್ಳಲ್ಲ, ಆದರೆ ಆ ಮುಖ ನೋಡಿ ಕುರ್ಚಿ ನನ್ನದೆಂದು ಹೇಳಲು ಬಾಯಿ ಬರಲಿಲ್ಲ. ಕೊಟ್ಟ ಪುಣ್ಯಾತ್ಮರಿಗೆ ಒಳ್ಳೆಯದಾಗಲಿ ಎಂದು ನಾನೂ ಹರಸಿ, ಬೇಡದ ಪರದೆಯ ಅಳತೆ ತೆಗೆದುಕೊಂಡು ಇಳಿದು ಬಂದೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಎಡಗಾಲು ಅರ್ಧ ಇಂಚು ಗಿಡ್ಡವಿರುವ ಒಂದು ಕುರ್ಚಿಯನ್ನು ಎಂಟು ದಿನದೊಳಗೆ ತಮ್ಮ ಮಡಿಲಿಗೆ ತರಿಸಿಕೊಡಬೇಕು, ಮುಕ್ಕಾಲು ಇಂಚು ಬೇಡ, ಆಗ ಕೋಟುಗಳ ತೋಳು ಕೆಡುತ್ತದೆ. ಅದು ಬರುವವರೆಗೆ ಕಟ್ಟಡದ ಗಂಡಸರೆಲ್ಲ ಕೊಂಚ ಎಡಕ್ಕೆ ವಾಲಿಕೊಂಡು ನಡೆಯುವಂತೆ ಅಪ್ಪಣೆ ಹೊರಡಿಸಬೇಕು. ಅದೂ ಆಗದಿದ್ದರೆ ಇಡೀ ಕಟ್ಟಡವನ್ನೇ ಅರ್ಧ ಇಂಚು ಎಡಕ್ಕೆ ಓರೆ ಮಾಡಿಸಿದರೂ ನನ್ನ ಆಕ್ಷೇಪವಿಲ್ಲ. ಈ ಪತ್ರವನ್ನು ತಮ್ಮ ಮೇಲಿನ ಗೋಡೆಗೆ ಅಂಟಿಸುತ್ತಿದ್ದೇನೆ. ಓದಿದವರು ದಯವಿಟ್ಟು ಮೂರನೇ ಮಹಡಿಗೆ ಸುದ್ದಿ ಮುಟ್ಟಿಸಬೇಡಿ, ಅಜ್ಜಿ ನೊಂದುಕೊಳ್ಳುತ್ತಾರೆ.

ತಮ್ಮ ಅಂಚಿನಾಚೆಯೇ ಕಾಲೂರಿ ನಿಂತಿರುವ,
ತಮ್ಮ ವಿಶ್ವಾಸಿ,
ನೆಲಮಹಡಿಯ ದರ್ಜಿ

ತಾ.ಕ.: ಪತ್ರ ಅಂಟಿಸಿದ ಮರುದಿನ ಬೆಳಿಗ್ಗೆ ಬಂದು ನೋಡಿದರೆ ತಮ್ಮ ಒಳಗೆ ಹನ್ನೊಂದು ಕುರ್ಚಿಗಳು. ನನ್ನ ನೆರೆಹೊರೆಯವರ ದೊಡ್ಡ ಮನಸ್ಸಿಗೆ ಕೈಮುಗಿದೆ. ಆದರೆ ಹನ್ನೊಂದು ಮಂದಿಯೂ ಕುರ್ಚಿಯ ಎದುರಿಗೆ ನಿಂತು ಎಡಗಾಲು ಕೊಯ್ದಿದ್ದಾರೆ. ಕೂತವನಿಗೆ ಅದು ಬಲಗಾಲು. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಒಂದರ ಮೇಲೆ ಕೂತು ಹೊಲಿದು ನೋಡಿದೆ, ಈ ಸಲ ಬಲಗಾಲು ಅರ್ಧ ಇಂಚು ಗಿಡ್ಡ. ಆದ್ದರಿಂದ ಎಡಗಾಲು ಗಿಡ್ಡವಾದ ಮಹನೀಯರೆಲ್ಲ ತಮ್ಮ ಪ್ಯಾಂಟುಗಳನ್ನು ಕೂಡಲೇ ತರುವುದು. ಬಲಗಾಲನ್ನೂ ಅಷ್ಟೇ ಗಿಡ್ಡ ಮಾಡಿ ಸಮ ಮಾಡಿಕೊಡುತ್ತೇನೆ. ಪಾದದ ಗಂಟು ಕಾಣುತ್ತದೆಂದು ಯಾರೂ ದೂರಬಾರದು, ಗರಗಸ ಹಿಡಿದವರು ನೀವೇ.