ಅತ್ತೆ, ಸೊಸೆ ಮತ್ತು ವೇಳಾಪಟ್ಟಿ

ಭೂಗೋಳದ ಮೇಷ್ಟ್ರು ಬೆಳಿಗ್ಗೆ ಶಾಲೆಯ ಕಂಪ್ಯೂಟರಿನ ಸ್ವಿಚ್ ಒತ್ತಿ, ಎಂದಿನಂತೆ ಕಾಫಿ ಕುಡಿದು ಬಂದರು. ದಿನವೂ ಅಷ್ಟು ಹೊತ್ತಿಗೆ ಪರದೆಯ ಮೇಲೆ ಅಧ್ಯಾಪಕರ ಗ್ರೂಪ್ ಫೋಟೋ ಬಂದು ಕೂತಿರುತ್ತಿತ್ತು. ಇವತ್ತು ಬರೀ ಕತ್ತಲು. ಮೂಲೆಯಲ್ಲೊಂದು ಬಿಳಿ ಗೀಟು ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

ಮೇಷ್ಟ್ರು ಮೂರು ವಾರ ಕೂತು ಹೆಣೆದ ಹೊಸ ವೇಳಾಪಟ್ಟಿ ಅದರೊಳಗಿತ್ತು. ಅದನ್ನು ಮಧ್ಯಾಹ್ನ ಮೂರರೊಳಗೆ ಹೆಡ್ ಮೇಡಂ ಕೈಗೆ ಕೊಡಬೇಕು. ಹೋದ ವರ್ಷವಿಡೀ ಒಂಬತ್ತನೇ ಬಿ ಸೆಕ್ಷನ್ನಿನ ಕೊನೆಯ ಪಿರಿಯಡ್ಡು, ವಾರದ ಆರೂ ದಿನ, ಇವರ ತಲೆಗೇ ಬಿದ್ದಿತ್ತು. ಆ ಹೊತ್ತಿನಲ್ಲಿ ಆ ಹುಡುಗರಿಗೆ ಭೂಮಿ ದುಂಡಗಿದ್ದರೇನು, ಚಪ್ಪಟೆಯಾಗಿದ್ದರೇನು! ಅದಕ್ಕೇ ಈ ಸಲ ಪಟ್ಟಿಯ ಕೆಲಸವನ್ನು ತಾವೇ ಕೇಳಿ ಪಡೆದು, ಆ ಪಿರಿಯಡ್ಡನ್ನು ಸದ್ದಿಲ್ಲದೆ ಡ್ರಿಲ್ ಮೇಷ್ಟ್ರ ಹೆಗಲಿಗೆ ದಾಟಿಸಿದ್ದರು.

ಆ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ, ಒಂದು ಸಲಕ್ಕೆ ತೆರೆಯುವುದು ಒಂದೇ. ಹಳೆಯದು ಇರುವಂತೆಯೇ ಕಂಪ್ಯೂಟರ್ ಮೇಡಂ ತಿಂಗಳ ಹಿಂದೆ ಪಕ್ಕದಲ್ಲಿ ಹೊಸದೊಂದನ್ನು ಹಾಕಿ, ಎರಡಕ್ಕೂ ಅದೇ ಗ್ರೂಪ್ ಫೋಟೋ ಅಂಟಿಸಿದ್ದರು. ಹಳೆಯದು ಅತ್ತೆ, ಹೊಸದು ಸೊಸೆ ಎಂದು ಸ್ಟಾಫ್ ರೂಮು ಹೆಸರಿಟ್ಟಿತ್ತು. ಭೂಗೋಳದ ಮೇಷ್ಟ್ರು ಅತ್ತೆಯ ಪಕ್ಷ. "ಸೊಸೆ ಮುಖ ನಾನು ನೋಡಿದವನೇ ಅಲ್ಲ" ಎಂದು ಹೆಮ್ಮೆಪಡುತ್ತಿದ್ದರು.

ಕಂಪ್ಯೂಟರ್ ಮೇಡಂ ಅಂದು ರಜೆ. ಫೋನು ಎತ್ತಲಿಲ್ಲ.

"ನಾನ್ ಹೇಳ್ಲಿಲ್ವಾ? ಒಂದೇ ಮನೇಲಿ ಇಬ್ರು ಇದ್ರೆ ಇಷ್ಟೇ. ಸೊಸೆ ಅತ್ತೇನ ಒಳಗೆ ಬಿಡ್ತಿಲ್ಲ" ಎಂದರು ಡ್ರಿಲ್ ಮೇಷ್ಟ್ರು. ಅವರಿಗೆ ಗೊತ್ತಿದ್ದ ಚಿಕಿತ್ಸೆ ಒಂದೇ. ಡಬ್ಬದ ಬೆನ್ನಿಗೆ ಎರಡು ಗುದ್ದಿದರು. ಗೀಟು ಇನ್ನೂ ಜೋರಾಗಿ ಮಿಟುಕಿತು.

"ಸ್ವಲ್ಪ ಸರೀರಿ ಸರ್" ಎಂದು ಗಣಿತದ ಮೇಡಂ ಕೂತರು. ಆನ್ ಆಗುವಾಗ ಒಂದು ಕೀ ಒತ್ತಿ ಹಿಡಿದರೆ ನೀಲಿ ಪುಟ ಬರುತ್ತದೆಂದು ಅವರಿಗೆ ಗೊತ್ತಿತ್ತು. ಯಾವ ಕೀ ಎಂದು ಗೊತ್ತಿರಲಿಲ್ಲ. ಕೀಬೋರ್ಡಿನ ಮೇಲಿನ ಸಾಲಿನ ಹನ್ನೆರಡು ಕೀಗಳನ್ನೂ ಒಂದೊಂದಾಗಿ ಒತ್ತಿ, ಹನ್ನೆರಡು ಸಲ ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ಊಟದ ಬೆಲ್ಲಾಯಿತು. ನೀಲಿ ಪುಟವೇನೋ ಬಂತು. ಅದರಲ್ಲಿ ಅವರು ಏನೋ ಬದಲಿಸಿದ ಮೇಲೆ ಮಿಟುಕುತ್ತಿದ್ದ ಗೀಟೂ ಹೋಯಿತು.

ಎರಡೂವರೆಗೆ ಗುಮಾಸ್ತರು ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ಹುಡುಕಿ ತಂದರು. "ಇದ್ರಲ್ಲಿ ರಿಪೇರಿ ಇದೆಯಂತೆ ಸರ್."

ಚುಚ್ಚಿದ್ದೇ ತಡ, ಪರದೆಗೆ ಜೀವ ಬಂತು. ಗಣಿತದ ಮೇಡಂ ಓದಿದರು: "ಎರಡು ಸಿಸ್ಟಂ ಇದಾವಂತೆ. ಹಳೇದನ್ನ ಸರಿ ಮಾಡಕ್ಕೆ ಹೊಸದನ್ನ ಅಳಿಸಲಾ ಅಂತ ಕೇಳ್ತಿದೆ."

"ಅಳಿಸ್ರೀ! ಮನೆಹಾಳಿ, ಬೆಳಿಗ್ಗೆಯಿಂದ ಜೀವ ತಿಂದಳು" ಎಂದು ಭೂಗೋಳದ ಮೇಷ್ಟ್ರು ತಾವೇ ಕೈ ಹಾಕಿ ಒತ್ತಿಬಿಟ್ಟರು.

ಹತ್ತೇ ನಿಮಿಷ. ಗ್ರೂಪ್ ಫೋಟೋ ಬಂತು! ಸ್ಟಾಫ್ ರೂಮಿಗೆ ರೂಮೇ ಚಪ್ಪಾಳೆ ತಟ್ಟಿತು. ಮೇಷ್ಟ್ರು ಫೈಲು ಹುಡುಕಿದರು. ಇದ್ದದ್ದು ಹೋದ ವರ್ಷದ ವೇಳಾಪಟ್ಟಿ ಒಂದೇ. ಮೂಲೆಮೂಲೆ ಕೆದಕಿದರು. ಇಲ್ಲ.

ಆಗ ಕಂಪ್ಯೂಟರ್ ಮೇಡಂ ಫೋನ್ ಬಂತು. ಅತ್ತೆಯಲ್ಲಿ ಪಟ್ಟಿಯೇ ಸಿಗುತ್ತಿಲ್ಲವೆಂದು ಮೇಷ್ಟ್ರು ಅಲವತ್ತುಕೊಂಡರು. "ಗಾಬರಿ ಆಗ್ಬೇಡಿ ಸರ್, ಅತ್ತೇಲಿ ಯಾಕೆ ಹುಡುಕ್ತೀರಾ? ಆನ್ ಮಾಡಿ ಹತ್ತು ಸೆಕೆಂಡು ಯಾರೂ ಏನೂ ಒತ್ತದಿದ್ರೆ ಸೊಸೇನೇ ತೆರ್ಕೊಳ್ಳೋ ಹಾಗೆ ಇಟ್ಟಿದೀನಿ. ನೀವು ಸ್ವಿಚ್ ಹಾಕಿ ಕಾಫಿಗೆ ಹೋಗ್ತೀರಲ್ಲ? ಮೂರು ವಾರದಿಂದ ನೀವು ಕೆಲ್ಸ ಮಾಡಿದ್ದು ಅವಳ ಹತ್ರಾನೇ. ಪಟ್ಟಿ ಅವಳ ಹತ್ರ ಭದ್ರವಾಗಿರತ್ತೆ ಬಿಡಿ."

ಮೇಷ್ಟ್ರು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಗಡಿಯಾರ ಮೂರು ಹೊಡೆಯಿತು. ಹೆಡ್ ಮೇಡಂ ಬಂದು ಪರದೆಯಲ್ಲಿ ತೆರೆದಿದ್ದ ಪಟ್ಟಿಯ ಮೇಲೆ ಕಣ್ಣಾಡಿಸಿದರು. "ಓ, ಹೋದ ವರ್ಷದ್ದನ್ನೇ ಇಟ್ಕೊಂಡ್ರಾ? ಒಳ್ಳೇದಾಯ್ತು, ಎಲ್ರಿಗೂ ಅಭ್ಯಾಸ ಇದೆ. ಪ್ರಿಂಟ್ ಕೊಡಿ, ಈಗಿಂದೀಗ್ಲೇ ಶುರುವಾಗ್ಲಿ."

"ನಂಗೇನೂ ತೊಂದ್ರೆ ಇಲ್ಲ ಮೇಡಂ" ಎಂದರು ಡ್ರಿಲ್ ಮೇಷ್ಟ್ರು.

ಕೊನೆಯ ಪಿರಿಯಡ್ಡಿನ ಬೆಲ್ಲು ಹೊಡೆಯಿತು. ಒಂಬತ್ತನೇ ಬಿ ಕಡೆಯಿಂದ ಆಗಲೇ ಗದ್ದಲ ಕೇಳುತ್ತಿತ್ತು. ಭೂಗೋಳದ ಮೇಷ್ಟ್ರು ಗ್ಲೋಬನ್ನು ಕಂಕುಳಲ್ಲಿ ಇರುಕಿಕೊಂಡು ಆ ಕಡೆ ಹೊರಟರು.